ವಿಭಾಗದ ಪಡಸಾಲೆಯಿಂದ: ಖಗೋಳ ಸಂಶೋಧಕರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಭೌತಶಾಸ್ತ್ರ ವಿಭಾಗದ ಖಗೋಳ ಗುಂಪಿನಲ್ಲಿ ಎಂಟು ಜನ ಇದ್ದೇವೆ. ವಾರಕ್ಕೊಮ್ಮೆ ಕೂತು ಹೊಸ ಪ್ರಬಂಧ ಓದೋಣವೆಂದು ಜರ್ನಲ್ ಕ್ಲಬ್ ಶುರು ಮಾಡಿದೆವು. ನಾಲ್ಕನೇ ವಾರಕ್ಕೆ ಉಳಿದವರು ಇಬ್ಬರು. ಎಲ್ಲಿ ಎಡವಿದೆವು? (ಸಂಶೋಧನಾ ವಿದ್ಯಾರ್ಥಿನಿ)

ಉತ್ತರ: ಒಬ್ಬರು ನಲವತ್ತು ಸ್ಲೈಡ್ ಹೊತ್ತು ತಂದು ಒಂದೇ ಪ್ರಬಂಧವನ್ನು ತಾಸುಗಟ್ಟಲೆ ಹೇಳುವ ಪದ್ಧತಿ ಇಟ್ಟುಕೊಂಡಿದ್ದಿರಬೇಕು. ಹೇಳುವವರಿಗೆ ಎರಡು ದಿನದ ಹೊರೆ, ಕೇಳುವವರಿಗೆ ತೂಕಡಿಕೆ. ಸ್ಲೈಡ್ ಬಿಟ್ಟುಬಿಡಿ, ಸಭೆಯನ್ನು ಚಹಾದ ಹೊತ್ತಿಗೆ ತನ್ನಿ.

ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಆರಂಭಿಸಿದ, ಹೊಸ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಆರ್ಕೈವ್‌ನ ಹೊಸ ಪಟ್ಟಿ ಅಮೆರಿಕದ ಪೂರ್ವ ತೀರದಲ್ಲಿ ರಾತ್ರಿ 8 ಗಂಟೆಗೆ ಹೊರಬೀಳುತ್ತದೆ. ಆಗ ನಮ್ಮಲ್ಲಿ ಬೆಳಗಿನ 5:30, ಅವರ ಚಳಿಗಾಲದಲ್ಲಾದರೆ 6:30. ಅಂದರೆ ಸೋಮವಾರದಿಂದ ಶುಕ್ರವಾರದವರೆಗೆ ಹನ್ನೊಂದರ ಚಹಾಕ್ಕೆ ಬಿಸಿಬಿಸಿ ಪಟ್ಟಿ ಸಿದ್ಧ. ಅವರು ಮಲಗಿರುವಾಗ ನಾವು ಓದಿ ಮುಗಿಸಬಹುದು. ಈ ಅನುಕೂಲವನ್ನು ಯಾಕೆ ಬಿಡಬೇಕು?

ವಾರಕ್ಕೆರಡು ದಿನ, ಅರ್ಧ ಗಂಟೆ ಸಾಕು. ಆ ವಾರದ ಪಾಳಿಯವರು ನಾಲ್ಕೈದು ಪ್ರಬಂಧ ಆರಿಸಲಿ, ಒಂದೊಂದಕ್ಕೂ ಐದು ನಿಮಿಷ. ಪರದೆಯ ಮೇಲೆ ಒಂದೇ ಒಂದು ಚಿತ್ರ. ಹೇಳಬೇಕಾದ್ದು ಇಷ್ಟೇ: ಅಳೆದದ್ದು ಏನು, ದೋಷಪಟ್ಟಿ (ಅಳತೆಯ ಅನಿಶ್ಚಿತತೆ ತೋರುವ ಗೆರೆ) ಎಷ್ಟು ದೊಡ್ಡದು, ನಂಬಲು ಕಾರಣವೇನು. ಇಡೀ ಪ್ರಬಂಧ ಓದಿರಲೇಬೇಕೆಂಬ ಕಟ್ಟಳೆ ಬೇಡ. ಸಾರಾಂಶ, ಚಿತ್ರ, ಕೊನೆಯ ಭಾಗ ಓದಿದರೆ ನಡೆಯುತ್ತದೆ. ‘ಈ ಚಿತ್ರದ ನಿಲುವಕ್ಷ ನನಗೆ ಅರ್ಥವಾಗಲಿಲ್ಲ’ ಎಂದು ಪಾಳಿಯವರೇ ಹೇಳುವಂತಿದ್ದರೆ ಚರ್ಚೆ ತಾನಾಗಿ ಹುಟ್ಟುತ್ತದೆ. ಮೊದಲ ಪ್ರಶ್ನೆ ವಿದ್ಯಾರ್ಥಿಗಳದ್ದು, ಪ್ರಾಧ್ಯಾಪಕರ ಸರದಿ ಕೊನೆಗೆ ಎಂಬ ನಿಯಮವನ್ನು ಮಾತ್ರ ಸಡಿಲಿಸಬೇಡಿ. ಹಿರಿಯರು ಬಾಯಿ ತೆರೆದ ಮೇಲೆ ಕಿರಿಯರು ಕೇಳುವುದು ನಮ್ಮ ಕಡೆ ಅಪರೂಪ. ಶುಕ್ರವಾರ ಮಧ್ಯಾಹ್ನ ಇಟ್ಟುಕೊಳ್ಳಬೇಡಿ, ಊರಿಗೆ ಹೊರಟವರ ಕಣ್ಣು ಬಸ್ಸಿನ ಮೇಲಿರುತ್ತದೆ.

ಪ್ರಶ್ನೆ: ದೂರದರ್ಶಕದ ಸಮಯ ಕೇಳಿ ಎರಡು ಸಲ ಪ್ರೊಪೋಸಲ್ ಕಳುಹಿಸಿದೆ, ಎರಡೂ ತಿರಸ್ಕೃತ. ವಿಜ್ಞಾನ ಚೆನ್ನಾಗಿದೆ ಎಂದು ಗೈಡ್ ಹೇಳುತ್ತಾರೆ. ಮತ್ತೇನು ಕೊರತೆ? (ಪಿಎಚ್.ಡಿ., ಎರಡನೇ ವರ್ಷ)

ಉತ್ತರ: ವಿಜ್ಞಾನ ಚೆನ್ನಾಗಿರುವ ಅರ್ಜಿಗಳೂ ಲೆಕ್ಕದಲ್ಲಿ ಬಿದ್ದುಹೋಗುತ್ತವೆ. ಮೊದಲು ನಿಮ್ಮ ವಸ್ತು ಆ ಜಾಗದಿಂದ, ಆ ತಿಂಗಳಲ್ಲಿ ಕಾಣುತ್ತದೆಯೇ ನೋಡಿ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ನಡೆಸುವ ಕೋಣೆ ನಮ್ಮೂರಿನ ಪಕ್ಕದಲ್ಲಿದ್ದರೂ ಆಕಾಶ ಹಾನ್ಲೆಯದೇ! ಅಲ್ಲಿನ ಅಕ್ಷಾಂಶ ಸುಮಾರು 32.8 ಡಿಗ್ರಿ ಉತ್ತರ. ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) ಮೈನಸ್ 40 ಇರುವ ವಸ್ತು ಅಲ್ಲಿ ಎಷ್ಟೇ ಮೇಲೇರಿದರೂ 17 ಡಿಗ್ರಿ ದಾಟದು. ಅಷ್ಟು ಕೆಳಗೆ ನೋಡಿದರೆ ನೆತ್ತಿಯ ಮೇಲಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಾಳಿಯನ್ನು ಬೆಳಕು ಹಾದುಬರಬೇಕು. ಅದೇ ವಸ್ತು ಬೆಂಗಳೂರಿನ ಅಕ್ಷಾಂಶದಲ್ಲಿ 37 ಡಿಗ್ರಿ ಏರುತ್ತದೆ.

ತಿಂಗಳಿನ ಲೆಕ್ಕ ಬೆರಳಲ್ಲೇ ಹಾಕಬಹುದು. ಮಾರ್ಚ್ 21ರ ನಡುರಾತ್ರಿ ಮಧ್ಯಾಹ್ನರೇಖೆಯ (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೂಲಕ ಹಾಯುವ ಗೆರೆಯ) ಮೇಲೆ ಇರುವುದು ಆರ್.ಎ. (ಗಂಟೆಗಳಲ್ಲಿ ಅಳೆಯುವ ಆಕಾಶದ ರೇಖಾಂಶ) 12 ಗಂಟೆ. ಅಲ್ಲಿಂದ ತಿಂಗಳಿಗೆ ಎರಡು ಗಂಟೆ ಕೂಡಿಸುತ್ತ ಹೋಗಿ. ಜೂನ್ ತಿಂಗಳಿಗೆ ಆರ್.ಎ. 6 ಗಂಟೆಯ ವಸ್ತು ಕೇಳಿದರೆ ಅದು ಸೂರ್ಯನ ಮಗ್ಗುಲಲ್ಲೇ ಇರುತ್ತದೆ. ಇದು ಸಮಿತಿಯವರ ಕಣ್ಣಿಗೆ ಒಂದೇ ನಿಮಿಷದಲ್ಲಿ ಬೀಳುತ್ತದೆ.

ಇನ್ನು ಸಮಯ. ಸಂಕೇತ ಮತ್ತು ಗದ್ದಲದ ಅನುಪಾತ ಏರುವುದು ಸಮಯದ ವರ್ಗಮೂಲದಂತೆ. 10 ಇದ್ದದ್ದನ್ನು 20 ಮಾಡಬೇಕಾದರೆ ನಾಲ್ಕು ಪಟ್ಟು ಸಮಯ ಬೇಕು. ‘ಹೆಚ್ಚು ಉತ್ತಮ ದತ್ತಾಂಶಕ್ಕಾಗಿ ಆರು ಗಂಟೆ’ ಎಂದರೆ ಯಾರೂ ಕೊಡುವುದಿಲ್ಲ. ಎಷ್ಟು ಅನುಪಾತ ಬೇಕು, ಅಷ್ಟೇ ಯಾಕೆ ಬೇಕು ಎಂಬುದನ್ನು ಬರೆಯಿರಿ. ಬೆಳದಿಂಗಳಲ್ಲೂ ಆಗುವ ಕೆಲಸಕ್ಕೆ ಕತ್ತಲ ರಾತ್ರಿ ಕೇಳಬೇಡಿ. ಅದಕ್ಕೆ ಸರದಿಯೇ ಉದ್ದ.

ಪುಣೆ ಹತ್ತಿರ ಖೋಡದ್‌ನಲ್ಲಿರುವ, 45 ಮೀಟರಿನ 30 ತಟ್ಟೆಗಳ ಜಿಎಂಆರ್‌ಟಿ ರೇಡಿಯೋ ದೂರದರ್ಶಕಕ್ಕೆ ಬರೆಯುವವರು ಮಾಪನಾಂಕದ (ಗೊತ್ತಿರುವ ಮೂಲವನ್ನು ನೋಡಿ ಅಳತೆ ಸರಿಹೊಂದಿಸುವ) ಹೊತ್ತನ್ನು ಮರೆಯುತ್ತಾರೆ. ಆರಂಭದಲ್ಲೂ ಕೊನೆಯಲ್ಲೂ 3ಸಿ 48, 3ಸಿ 147, 3ಸಿ 286 ಎಂಬ, ಪ್ರಖರತೆ ಗೊತ್ತಿರುವ ರೇಡಿಯೋ ಮೂಲಗಳಲ್ಲಿ ಆಗ ಮೇಲಿರುವುದನ್ನು ಹತ್ತು ಹದಿನೈದು ನಿಮಿಷ ನೋಡಬೇಕು. ನಡುನಡುವೆ ಅರ್ಧ, ಮುಕ್ಕಾಲು ಗಂಟೆಗೊಮ್ಮೆ ನಿಮ್ಮ ವಸ್ತುವಿನ ಹತ್ತಿರದ ಫೇಸ್ ಕ್ಯಾಲಿಬ್ರೇಟರ್ (ಅಲೆಗಳ ಹಂತ ಸರಿಪಡಿಸಲು ನೋಡುವ ಮೂಲ) ಐದು ನಿಮಿಷ. ಇದನ್ನೆಲ್ಲ ಕೂಡಿಸದೆ ‘ನಾಲ್ಕು ಗಂಟೆ’ ಕೇಳಿದವರ ಕೈಗೆ ತಮ್ಮ ವಸ್ತುವಿನ ಮೇಲೆ ಮೂರು ಚಿಲ್ಲರೆ ಗಂಟೆ ಮಾತ್ರ ಸಿಗುತ್ತದೆ. ಬರೆಯುವ ಮುನ್ನ ಹಳೆಯ ದತ್ತಾಂಶದ ಸಂಗ್ರಹವನ್ನೂ ಹುಡುಕಿ. ನಿಮಗೆ ಬೇಕಾದದ್ದನ್ನು ಬೇರೆ ಯಾರೋ ಆಗಲೇ ನೋಡಿಟ್ಟಿದ್ದರೆ ಪ್ರೊಪೋಸಲೇ ಬೇಡ. ನೋಡಿಟ್ಟಿದ್ದು ಸಾಲದಿದ್ದರೆ, ಯಾಕೆ ಸಾಲದು ಎಂಬುದೇ ನಿಮ್ಮ ಬಲವಾದ ವಾದ.

ಪ್ರಶ್ನೆ: ವಿಭಾಗದ ತಾರಸಿಯ ಎಫ್/10 (ನಾಭಿದೂರ ವ್ಯಾಸದ ಹತ್ತು ಪಟ್ಟು) ದೂರದರ್ಶಕದಲ್ಲಿ ತೆಗೆದ ಸಿಸಿಡಿ (ಡಿಜಿಟಲ್ ಸೆನ್ಸರ್) ಚಿತ್ರಗಳಲ್ಲಿ ಉದ್ದಿನವಡೆಯಂಥ ಉಂಗುರಗಳು ಬರುತ್ತವೆ. ಫ್ಲಾಟ್‌ನಿಂದ (ಸಮನಾದ ಬೆಳಕಿನಲ್ಲಿ ತೆಗೆದ ಖಾಲಿ ಚಿತ್ರದಿಂದ) ಭಾಗಿಸಿದರೆ ಕಪ್ಪು ಉಂಗುರ ಬಿಳಿಯಾಗುತ್ತದೆ, ಹೋಗುವುದಿಲ್ಲ. (ಎಂ.ಎಸ್ಸಿ. ಪ್ರಾಜೆಕ್ಟ್ ವಿದ್ಯಾರ್ಥಿಗಳು)

ಉತ್ತರ: ಉಂಗುರ ಧೂಳಿನ ಕಣದ ನೆರಳು. ಎಲ್ಲಿ ಕೂತಿದೆ ಎಂದು ತಿಳಿಯಲು ಉಂಗುರದ ವ್ಯಾಸವನ್ನು ಎಫ್ ಸಂಖ್ಯೆಯಿಂದ ಗುಣಿಸಿ. 9 ಮೈಕ್ರಾನಿನ ಪಿಕ್ಸೆಲ್ ನೂರು ಎಂದರೆ 0.9 ಮಿ.ಮೀ.; ಹತ್ತರಿಂದ ಗುಣಿಸಿದರೆ ಸೆನ್ಸರಿನಿಂದ 9 ಮಿ.ಮೀ. ದೂರ. ಬಹುಶಃ ಕ್ಯಾಮೆರಾದ ಗಾಜಿನ ಕಿಟಕಿ. ಉಂಗುರ ಇನ್ನೂ ದೊಡ್ಡದಿದ್ದರೆ ಫಿಲ್ಟರ್ ನೋಡಿ. ಗಾಳಿ ಊದುವ ರಬ್ಬರ್ ಬಲ್ಬ್ ಬಳಸಿ, ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ಕಪ್ಪು ಬಿಳಿಯಾಗುವುದಕ್ಕೆ ಮಾಮೂಲಿ ಕಾರಣ, ನಕ್ಷತ್ರದ ಚಿತ್ರದಿಂದ ಬಯಸ್ (ಬೆಳಕು ಬೀಳದಿದ್ದರೂ ಸೆನ್ಸರ್ ಕೊಡುವ ಎಣಿಕೆ) ಕಳೆಯದೆ ಭಾಗಿಸಿರುವುದು. ಫ್ಲಾಟ್‌ನಿಂದ ಕಳೆಯುವುದನ್ನು ಮರೆತರೆ ಇದಕ್ಕೆ ತದ್ವಿರುದ್ಧ, ಕಪ್ಪು ಒಂದಿಷ್ಟು ಉಳಿದುಕೊಳ್ಳುತ್ತದೆ. ಒಂದು ಪಕ್ಕ ಕಪ್ಪು, ಇನ್ನೊಂದು ಪಕ್ಕ ಬಿಳಿ ಕಂಡರೆ ನಡುವೆ ಯಾರೋ ಕ್ಯಾಮೆರಾ ತಿರುಗಿಸಿದ್ದಾರೆ. ಫ್ಲಾಟನ್ನು ಮುಸ್ಸಂಜೆಯ ಆಕಾಶದಲ್ಲಿ, ಅದೇ ಫಿಲ್ಟರ್, ಅದೇ ಫೋಕಸ್‌ನಲ್ಲಿ ತೆಗೆಯಿರಿ. ಪ್ರತಿ ಪಿಕ್ಸೆಲಿಗೆ 20,000 ಎಲೆಕ್ಟ್ರಾನ್ ತುಂಬಿದರೆ ಗದ್ದಲ 0.7%, ಅಂಥ ಹತ್ತನ್ನು ಸೇರಿಸಿದರೆ 0.2%ರ ಆಸುಪಾಸು. ಚೌಕಟ್ಟುಗಳ ನಡುವೆ ದೂರದರ್ಶಕವನ್ನು ಕೊಂಚ ಸರಿಸುತ್ತಿದ್ದರೆ, ಇಣುಕುವ ನಕ್ಷತ್ರಗಳು ಮೀಡಿಯನ್ ತೆಗೆದಾಗ ಅಳಿಸಿಹೋಗುತ್ತವೆ.

ಪ್ರಶ್ನೆ: ಗ್ರಹಣ ಜೋಡಿ (ಒಂದನ್ನೊಂದು ಮರೆಮಾಡುತ್ತ ಸುತ್ತುವ) ನಕ್ಷತ್ರವೊಂದರ ಕನಿಷ್ಠ ಬೆಳಕಿನ ವೇಳೆ ಪ್ರಕಟಿತ ಲೆಕ್ಕಕ್ಕಿಂತ ಐದಾರು ನಿಮಿಷ ತಪ್ಪಿ ಬರುತ್ತಿದೆ. ಗಡಿಯಾರ ಸರಿಯಿದೆ.

ಉತ್ತರ: ಪ್ರಕಟಿತ ವೇಳೆ ಸೂರ್ಯನ ಬಳಿಯದು, ನಿಮ್ಮದು ಭೂಮಿಯದು. ಬೆಳಕಿಗೆ ಆ ದೂರ ದಾಟಲು 8.3 ನಿಮಿಷ ಬೇಕು. ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯನ ದಾರಿಯ) ಹತ್ತಿರದ ನಕ್ಷತ್ರ ನಡುರಾತ್ರಿ ನೆತ್ತಿಯಲ್ಲಿದ್ದರೆ ಅದರ ಬೆಳಕು ನಮಗೆ ಅಷ್ಟು ಮೊದಲೇ ತಲುಪುತ್ತದೆ. ಆರು ತಿಂಗಳ ಆಚೆ ತಡವಾಗುತ್ತದೆ. ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದರೆ ಇದೇ ಕಾರಣ, ಸೂರ್ಯಕೇಂದ್ರಕ್ಕೆ ತಿದ್ದಿ. ವ್ಯತ್ಯಾಸ ಸರಿಯಾಗಿ 330 ನಿಮಿಷ ಬಂದ ದಿನ ಮಾತ್ರ ಕಂಪ್ಯೂಟರ್ ನೋಡಿ. ಅದು ಭಾರತೀಯ ಕಾಲಮಾನವನ್ನೇ ಯು.ಟಿ. (ಸಾರ್ವತ್ರಿಕ ಕಾಲಮಾನ) ಎಂದು ಬರೆದಿಟ್ಟಿರುತ್ತದೆ.