ಅಮೆರಿಕದ ಗಾಯಕ, ಹಾಡು ಬರಹಗಾರ ವಿಲ್ಲಿ ನೆಲ್ಸನ್ ಅಷ್ಟೊಂದು ಹಿಟ್ ಹಾಡು ಕೊಟ್ಟ ಮೇಲೂ ದಿವಾಳಿಯಾದರಂತೆ, ನಿಜವೇ? ಮತ್ತೆ ಎದ್ದಿದ್ದು ಹೇಗೆ?

ಅರ್ಧ ನಿಜ. ಕೈಯಲ್ಲಿದ್ದದ್ದೆಲ್ಲ ಜಪ್ತಿಯಾಗಿದ್ದು ಹೌದು. ಆದರೆ ಅವರು ದಿವಾಳಿ ಅರ್ಜಿ ಹಾಕಲಿಲ್ಲ, ಸಾಲ ತೀರಿಸಿದರು. ನೀವು ಕೇಳುತ್ತಿರುವುದು 1990ರ ಕಥೆ. ಅದಕ್ಕೂ ಮೊದಲೇ ಅವರು ಎರಡು ಮೂರು ಸಲ ಬಿದ್ದು ಎದ್ದಿದ್ದರು.

ನಾನು ಕೆಲಸದ ಮೇಲೆ ಎರಡು ವರ್ಷ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದ್ದೆ. ಅಲ್ಲಿ ಎರಡನೇ ಬೀದಿಯಲ್ಲಿ ಗಿಟಾರ್ ಹಿಡಿದ ಒಬ್ಬರ ಕಂಚಿನ ಪ್ರತಿಮೆ ಇದೆ. ಗಂಡಸು, ಆದರೆ ಎರಡು ಜಡೆ! ಯಾರಪ್ಪಾ ಇವರು ಅಂತ ಹುಡುಕಲು ಹೋಗಿ ಈ ಮನುಷ್ಯನ ಹಾಡಿಗೆ ಸಿಕ್ಕಿಬಿದ್ದೆ.

ವಿಲ್ಲಿ ಹುಟ್ಟಿದ್ದು 1933ರಲ್ಲಿ, ಟೆಕ್ಸಾಸ್‌ನ ಅಬಟ್ ಅನ್ನುವ ಪುಟ್ಟ ಊರಲ್ಲಿ. 1950ರ ದಶಕದ ಕೊನೆಗೆ ಹ್ಯೂಸ್ಟನ್‌ನಲ್ಲಿ ಹೆಂಡತಿ ಮಕ್ಕಳೊಂದಿಗೆ ಒದ್ದಾಡುತ್ತಿದ್ದರು. ಹೊಟ್ಟೆಪಾಡಿಗೆ ಗಿಟಾರ್ ಪಾಠ ಹೇಳುತ್ತಿದ್ದರು. ಆಗ ಬರೆದ ‘ಫ್ಯಾಮಿಲಿ ಬೈಬಲ್’ ಹಾಡನ್ನು 50 ಡಾಲರ್‌ಗೆ ಮಾರಿದರು, ‘ನೈಟ್ ಲೈಫ್’ ಹಾಡನ್ನು 150ಕ್ಕೆ. ಒಂದು ಬುಟ್ಟಿ ಹಣ್ಣಿನ ದುಡ್ಡಿಗೆ ಇಡೀ ಮಾವಿನ ತೋಟ ಬರೆದುಕೊಟ್ಟ ಹಾಗೆ. ಮೊದಲನೆಯದು 1960ರಲ್ಲಿ ಬೇರೊಬ್ಬರ ದನಿಯಲ್ಲಿ ಹಿಟ್ ಆಯಿತು. ರೆಕಾರ್ಡಿನ ಮೇಲೆ ಬರೆದವರ ಜಾಗದಲ್ಲಿ ಇವರ ಹೆಸರೇ ಇರಲಿಲ್ಲ.

ಆಮೇಲೆ ನ್ಯಾಶ್‌ವಿಲ್‌ಗೆ ಹೋದರು. ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತಕ್ಕೆ ಆ ಊರೇ ಕೇಂದ್ರ. ಅಲ್ಲೂ ಅದೇ ಚಾಳಿ. ‘ಹಲೋ ವಾಲ್ಸ್’ ಹಾಡನ್ನು 500 ಡಾಲರ್‌ಗೆ ಕೊಟ್ಟುಬಿಡುತ್ತೇನೆ ಅಂತ ಗಾಯಕ ಫ್ಯಾರನ್ ಯಂಗ್ ಹತ್ತಿರ ಹೋದರು. ಫ್ಯಾರನ್ ಒಳ್ಳೆಯ ಮನುಷ್ಯ. ಹಾಡು ಮಾರಬೇಡ, ಬೇಕಾದರೆ ದುಡ್ಡು ಸಾಲ ತಗೋ ಅಂದರು. 1961ರಲ್ಲಿ ಆ ಹಾಡು ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು. ರಾಯಲ್ಟಿ ವಿಲ್ಲಿ ಕೈಗೇ ಬಂತು. ಅದೇ ವರ್ಷ ಗಾಯಕಿ ಪ್ಯಾಟ್ಸಿ ಕ್ಲೈನ್ ಇವರ ‘ಕ್ರೇಜಿ’ ಹಾಡಿದರು. ಇವತ್ತಿಗೂ ಅದನ್ನು ಕೇಳದ ಕಂಟ್ರಿ ಅಭಿಮಾನಿ ಸಿಗುವುದಿಲ್ಲ.

ಬರಹಗಾರನಾಗಿ ಗೆದ್ದರು, ಗಾಯಕನಾಗಿ ಇಲ್ಲ. ವಿಲ್ಲಿ ತಾಳಕ್ಕಿಂತ ತುಸು ಹಿಂದೆ ಹಾಡುತ್ತಾರೆ, ಮಾತಾಡಿದ ಹಾಗೆ. ನ್ಯಾಶ್‌ವಿಲ್‌ನವರಿಗೆ ಅದು ಹಿಡಿಸಲಿಲ್ಲ. ಆರ್‌ಸಿಎ ಅನ್ನುವ ರೆಕಾರ್ಡ್ ಕಂಪನಿ ಇವರ ಆಲ್ಬಮ್ ಒಂದರ ಹಿಂದೆ ಒಂದು ತಂದಿತು. ಹಿಂದೆ ಪಿಟೀಲುಗಳ ಸಾಲು, ಕೋರಸ್, ಎಲ್ಲ ಸೇರಿಸಿ ದನಿಯನ್ನೇ ಮುಳುಗಿಸಿತು. ಆ ರೆಕಾರ್ಡಿಂಗ್‌ಗಳನ್ನು ಈಗ ಕೇಳಿದರೂ ನನಗೆ ಕಸಿವಿಸಿ ಆಗುತ್ತದೆ. ನಡುವೆ ಹಂದಿ ಸಾಕಲು ಹೋಗಿ ಕೈ ಸುಟ್ಟುಕೊಂಡರು. ಸಾಲದ್ದಕ್ಕೆ ಟೆನೆಸ್ಸಿಯ ಮನೆಗೂ ಬೆಂಕಿ ಬಿತ್ತು. ಉರಿಯುವ ಮನೆಯೊಳಗೆ ನುಗ್ಗಿ ತಂದಿದ್ದು ತಮ್ಮ ಗಿಟಾರ್ ಮತ್ತು ಗಾಂಜಾ!

ಆ ಬೆಂಕಿಯೇ ಅವರನ್ನು ಟೆಕ್ಸಾಸ್‌ಗೆ ವಾಪಸ್ ಕಳಿಸಿತು. 1972ರಲ್ಲಿ ಆಸ್ಟಿನ್‌ಗೆ ಬಂದರು, ಕೂದಲು ಉದ್ದ ಬಿಟ್ಟರು. ‘ಅರ್ಮಡಿಲೋ’ ಅನ್ನುವ ಹಾಲ್‌ನಲ್ಲಿ ಹಿಪ್ಪಿಗಳೂ ಕೌಬಾಯ್ ಟೋಪಿಯವರೂ ಒಟ್ಟಿಗೆ ಕೂತು ಇವರನ್ನು ಕೇಳಿದರು. ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ಘಟ್ಟ. ಕೊಲಂಬಿಯಾ ಕಂಪನಿ ಜೊತೆ ಒಪ್ಪಂದ ಮಾಡಿಕೊಳ್ಳುವಾಗ, ಹಾಡು ಹೇಗಿರಬೇಕು ಅನ್ನುವುದು ಪೂರ್ತಿ ನನ್ನ ಮಾತು ಅಂತ ಬರೆಸಿಕೊಂಡರು. ಹಿಂದೆ ಹಾಡನ್ನೇ ಮಾರಿದ್ದ ಮನುಷ್ಯ ಈಗ ಕಾಗದ ಓದಿ ಸಹಿ ಹಾಕಿದ್ದರು. 1975ರ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಆಲ್ಬಮ್ ಅನ್ನು ಡಲ್ಲಾಸ್ ಪಕ್ಕದ ಗಾರ್ಲೆಂಡ್‌ನ ಒಂದು ಸಣ್ಣ ಸ್ಟುಡಿಯೋದಲ್ಲಿ ಮುಗಿಸಿದರು. ವಾದ್ಯ ಎಷ್ಟು ಕಡಿಮೆ ಅಂದರೆ, ಇದು ಸುಮ್ನೆ ಸ್ಯಾಂಪಲ್ ಇರಬೇಕು, ಅಸಲಿ ಆಲ್ಬಮ್ ಎಲ್ಲಿ ಅಂದುಕೊಂಡರಂತೆ ಕಂಪನಿಯವರು. ಒಪ್ಪಂದ ಇತ್ತಲ್ಲ, ಹಾಗೇ ಬಿಡುಗಡೆ ಮಾಡಲೇಬೇಕಾಯಿತು. ಆಲ್ಬಮ್ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಗಾಯಕನಾಗಿ ಅವರಿಗೆ ಮೊದಲ ನಂಬರ್ ಒನ್ ಹಾಡು ಸಿಕ್ಕಾಗ ವಯಸ್ಸು 42. 1978ರಲ್ಲಿ ಹಳೇ ಪಾಪ್ ಹಾಡುಗಳ ‘ಸ್ಟಾರ್‌ಡಸ್ಟ್’ ಮಾಡಿದರು. ಅದಂತೂ ಹತ್ತಿರ ಹತ್ತಿರ ಹತ್ತು ವರ್ಷ ಕಂಟ್ರಿ ಪಟ್ಟಿಯಲ್ಲೇ ಕೂತಿತ್ತು.

ಈಗ ನಿಮ್ಮ ಪ್ರಶ್ನೆಯ ದಿವಾಳಿ. ದುಡ್ಡು ಜಾಸ್ತಿ ಬಂದಾಗ ತೆರಿಗೆ ಉಳಿಸುವ ಕೆಲವು ಯೋಜನೆಗಳಲ್ಲಿ ಹಣ ಹಾಕಿಸಲಾಗಿತ್ತು. ತೆರಿಗೆ ಇಲಾಖೆ ಅವನ್ನು ಒಪ್ಪಲಿಲ್ಲ. ಬಡ್ಡಿ, ದಂಡ ಸೇರಿ ಬಾಕಿ ಸುಮಾರು 1.67 ಕೋಟಿ ಡಾಲರ್‌ಗೆ ಬಂದು ನಿಂತಿತು. 1990ರ ನವೆಂಬರ್‌ನಲ್ಲಿ ಅಧಿಕಾರಿಗಳು ಬಂದು ಆಸ್ತಿಗೆ ಬೀಗ ಹಾಕಿದರು. ಆಮೇಲೆ ಹರಾಜು. ಆದರೆ ಹರಾಜಿನಲ್ಲಿ ಎಷ್ಟೋ ವಸ್ತು ಕೊಂಡವರು ಗೆಳೆಯರು, ಅಭಿಮಾನಿಗಳು. ಕೊಂಡು ಅವರಿಗೇ ವಾಪಸ್ ಕೊಟ್ಟರು, ಇಲ್ಲವೇ ಹೆಸರಿಗಷ್ಟು ಬಾಡಿಗೆಗೆ ಬಿಟ್ಟರು. ಕಷ್ಟದಲ್ಲಿದ್ದ ರೈತರಿಗಾಗಿ 1985ರಲ್ಲಿ ‘ಫಾರ್ಮ್ ಏಡ್’ ಸಂಗೀತ ಕಾರ್ಯಕ್ರಮ ಶುರುಮಾಡಿದ್ದವರಲ್ಲಿ ಇವರೂ ಒಬ್ಬರು. ಜನ ಅದನ್ನೆಲ್ಲ ಮರೆತಿರಲಿಲ್ಲ ಅಂತ ಕಾಣುತ್ತೆ.

ಸಾಲ ತೀರಿಸಲು ಒಂದು ಆಲ್ಬಮ್ ಕೂಡ ತಂದರು. ಬರೀ ದನಿ, ಗಿಟಾರ್. ಹೆಸರಿನಲ್ಲೇ ಐಆರ್‌ಎಸ್, ಅಂದರೆ ತೆರಿಗೆ ಇಲಾಖೆ! ಬಂದ ದುಡ್ಡಲ್ಲಿ ದೊಡ್ಡ ಪಾಲು ಅದೇ ಇಲಾಖೆಗೆ. 1993ರಲ್ಲಿ ಲೆಕ್ಕ ಇತ್ಯರ್ಥವಾಯಿತು. ಅದೇ ವರ್ಷ ಕಂಟ್ರಿ ಸಂಗೀತದ ಮಹನೀಯರ ಗೌರವ ಪಟ್ಟಿಯಾದ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೂ ಇವರನ್ನು ಸೇರಿಸಿಕೊಂಡರು.

ಬೆಂಕಿಯಿಂದ ಎತ್ತಿ ತಂದ ಗಿಟಾರ್ ಏನಾಯಿತು ಅಂತ ಕೇಳಬಹುದು. ಅದರ ಹೆಸರು ಟ್ರಿಗರ್. ಮಾರ್ಟಿನ್ ಕಂಪನಿಯ ನೈಲಾನ್ ತಂತಿಯ ಗಿಟಾರ್. ಅಂಥದ್ದನ್ನು ಬೆರಳಿಂದ ನುಡಿಸಬೇಕು, ಇವರು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಉಜ್ಜಿ ಉಜ್ಜಿ ಮರದಲ್ಲಿ ತೂತೇ ಬಿದ್ದಿದೆ. ಇಲಾಖೆಯವರ ಕೈಗೆ ಅದೊಂದು ಸಿಗಬಾರದು ಅಂತ ಮಗಳ ಮೂಲಕ ಮೊದಲೇ ಸಾಗಿಸಿಬಿಟ್ಟಿದ್ದರು. ತೊಂಬತ್ತು ದಾಟಿದ ಮೇಲೂ ಅವರು ಅದೇ ಗಿಟಾರ್ ಹಿಡಿದು ವೇದಿಕೆ ಹತ್ತಿದ್ದಾರೆ, ತೂತಿನ ಸಮೇತ.