ಗಟ್ಟಿ ಮೈ, ಹಳೇ ತಲೆ: ಟಫ್‌ಬುಕ್‌ಗೆ ಯಾವ ಲಿನಕ್ಸ್?

ಪ್ರಶ್ನೆ: ಮೂಡಿಗೆರೆ ಹತ್ತಿರ ಕಾಫಿ, ಮೆಣಸು ಕೊಳ್ಳುವ ಸಣ್ಣ ವ್ಯಾಪಾರ ನಮ್ಮದು. ಗೋದಾಮಿನಲ್ಲಿ ಧೂಳು ಜಾಸ್ತಿ, ಮಳೆಗಾಲದಲ್ಲಿ ಥಂಡಿ. ಎರಡು ಲ್ಯಾಪ್‌ಟಾಪ್ ಕೆಟ್ಟ ಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಧೂಳು, ಪೆಟ್ಟು ತಡೆಯುವ ಗಟ್ಟಿ ಲ್ಯಾಪ್‌ಟಾಪ್ ಅಂತ ಹಳೇ ಪ್ಯಾನಾಸೋನಿಕ್ ಟಫ್‌ಬುಕ್ ಸಿಎಫ್-19 ತಂದೆ. ಕೋರ್ ಡ್ಯುಯೋ ಪ್ರೊಸೆಸರ್, 2 ಜಿಬಿ ರ‍್ಯಾಮ್, ಒಳಗೆ ವಿಂಡೋಸ್ ಎಕ್ಸ್‌ಪಿ. ಎಲೆಕ್ಟ್ರಾನಿಕ್ ತಕ್ಕಡಿಯ ತೂಕ ನೇರವಾಗಿ ಕಂಪ್ಯೂಟರಿಗೆ ಬರಬೇಕು, ಬಿಲ್ ಕನ್ನಡದಲ್ಲಿ ಆಗಬೇಕು. ಹೊಸ ಉಬುಂಟು ಹಾಕಲು ನೋಡಿದೆ, ಪೆನ್‌ಡ್ರೈವ್‌ನಿಂದ ಶುರುವೇ ಆಗಲಿಲ್ಲ. ಏನು ಮಾಡಲಿ ಸರ್?

ಉತ್ತರ: ಕಾರಣ ನಿಮ್ಮ ಪತ್ರದಲ್ಲೇ ಇದೆ. ಕೋರ್ ಡ್ಯುಯೋ 32-ಬಿಟ್, ಅಂದರೆ ಹಳೇ ಬಗೆಯ ಪ್ರೊಸೆಸರ್; ಕೋರ್ 2 ಡ್ಯುಯೋ ಈಗಿನ 64-ಬಿಟ್ ಬಗೆಯದು. ನಡುವೆ ಇರೋದು ಒಂದು '2' ಮಾತ್ರ, ಆದರೆ ಅದರಿಂದಲೇ ಎಲ್ಲ ಬದಲಾಗುತ್ತದೆ. ಈಗಿನ ಉಬುಂಟು 32-ಬಿಟ್ ಯಂತ್ರದ ಮೇಲೆ ಏಳುವುದಿಲ್ಲ. ಡೆಬಿಯನ್ ಅನ್ನೋ ಇನ್ನೊಂದು ಲಿನಕ್ಸ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಿಂದ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ. ಹಾಗಾಗಿ ನಿಮಗೆ ಹೊಂದುವುದು ಡೆಬಿಯನ್ 12, ಇಲ್ಲವೇ ಅದರ ಮೇಲೆ ಕಟ್ಟಿದ ಆಂಟಿಎಕ್ಸ್ 23ರ 32-ಬಿಟ್ ಆವೃತ್ತಿ. ನನ್ನ ಮತ ಆಂಟಿಎಕ್ಸ್‌ಗೆ. 2 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ, ಇನ್‌ಸ್ಟಾಲ್ ಮಾಡುವ ಮೊದಲೇ ಪೆನ್‌ಡ್ರೈವ್‌ನಿಂದ ಓಡಿಸಿ ವೈಫೈ, ಸದ್ದು, ಪರದೆಯ ಬೆಳಕು ಎಲ್ಲ ಪರೀಕ್ಷೆ ಮಾಡಬಹುದು.

ಆದರೆ ತಡೀರಿ, ಎಕ್ಸ್‌ಪಿ ಇರುವ ಆ ಡಿಸ್ಕನ್ನು ಅಳಿಸಬೇಡಿ. ನಾನೊಮ್ಮೆ ಅವಸರದಲ್ಲಿ ಅಳಿಸಿ, ಆಮೇಲೆ ಯಾವುದೋ ಹಳೇ ಯಂತ್ರದ ತಂತ್ರಾಂಶ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಓಡಲ್ಲ ಅಂತ ಗೊತ್ತಾದಾಗ ತಲೆ ಚಚ್ಚಿಕೊಂಡಿದ್ದೇನೆ. ಸಿಎಫ್-19ರಲ್ಲಿ ಡಿಸ್ಕು ಪುಟ್ಟ ಪೆಟ್ಟಿಗೆಯೊಳಗೆ ಕೂತಿರುತ್ತದೆ, ಪೆಟ್ಟಿಗೆಯನ್ನೇ ಹೊರಗೆ ಎಳೆಯಬಹುದು. ಹಳೇ ಡಿಸ್ಕನ್ನು ಕವರಿಗೆ ಹಾಕಿ ಬೀರುವಿನಲ್ಲಿಡಿ, ಅದೇ ಜಾಗಕ್ಕೆ ಸಣ್ಣದೊಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ. ಪೆಟ್ಟಿಗೆಯ ಒಳಗಿನ ತೆಳು ರಿಬ್ಬನ್ ಕೇಬಲ್ ಮಾತ್ರ ಜೋಪಾನ, ಮಡಚಿದರೆ ಮುಗೀತು. ಹಳೇ ಯಂತ್ರಕ್ಕೆ ರ‍್ಯಾಮ್‌ಗಿಂತ ಮೊದಲು ಎಸ್‌ಎಸ್‌ಡಿಗೆ ದುಡ್ಡು ಹಾಕಿ ಅಂತ ನಾನು ಯಾವಾಗಲೂ ಹೇಳೋದು.

ಇನ್ನು ತಕ್ಕಡಿ. ಇಲ್ಲಿ ನಿಮ್ಮ ಆಯ್ಕೆ ಹೊಸ ಲ್ಯಾಪ್‌ಟಾಪಿಗಿಂತ ಒಳ್ಳೆಯದು, ಯಾಕಂದ್ರೆ ಟಫ್‌ಬುಕ್‌ನಲ್ಲಿ ನಿಜವಾದ 9 ಪಿನ್ನಿನ ಸೀರಿಯಲ್ ಪೋರ್ಟ್ ಇದೆ, ಯುಎಸ್‌ಬಿ ಪರಿವರ್ತಕದ ಗೋಳಿಲ್ಲ. ತಕ್ಕಡಿಯ ಹಿಂದೆ ಆರ್‌ಎಸ್-232 ಅಂತ ಬರೆದಿದ್ದರೆ ಅದೂ ಸೀರಿಯಲ್ ಪೋರ್ಟೇ, ಒಂದು ಸೀರಿಯಲ್ ಕೇಬಲ್ ಸಾಕು. ಮೊದಲು ನಿಮ್ಮ ಯೂಸರ್ ಹೆಸರನ್ನು 'ಡಯಲ್‌ಔಟ್' ಗುಂಪಿಗೆ (ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವವರ ಗುಂಪು) ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬನ್ನಿ. ತುಂಬಾ ಜನ ಇದನ್ನು ಬಿಟ್ಟು 'ಪೋರ್ಟ್ ಕೆಟ್ಟಿದೆ' ಅಂದುಕೊಳ್ಳುತ್ತಾರೆ. ಆಮೇಲೆ 'ಮಿನಿಕಾಮ್' ಅನ್ನೋ ತಂತ್ರಾಂಶ ತೆರೆದು ತಕ್ಕಡಿಯ ಕೈಪಿಡಿಯಲ್ಲಿರುವ ಬಾಡ್ ವೇಗವನ್ನೇ (ಮಾಹಿತಿ ಹರಿಯುವ ವೇಗ), ಅಂದರೆ 2400 ಅಥವಾ 9600 ಹೀಗೆ ಏನಿದೆಯೋ ಅದನ್ನು ಕೊಡಿ. ತಕ್ಕಡಿ ಮೇಲೆ ಒಂದು ಮೂಟೆ ಇಟ್ಟ ತಕ್ಷಣ ಪರದೆ ಮೇಲೆ ಅಂಕಿ ಸಾಲಾಗಿ ಓಡಿದರೆ ಮುಕ್ಕಾಲು ಕೆಲಸ ಆಯಿತು. ಅಂಕಿ ಬದಲು ವಿಚಿತ್ರ ಚಿಹ್ನೆ ಬಂದರೆ ವೇಗ ತಪ್ಪಾಗಿದೆ. ಏನೂ ಬರದಿದ್ದರೆ ಕೇಬಲ್ ಬದಲಿಸಬೇಕು: ಕೆಲವು ತಕ್ಕಡಿಗೆ ನೇರ ಕೇಬಲ್, ಕೆಲವಕ್ಕೆ ಒಳಗೆ ತಂತಿ ಅದಲುಬದಲಾದ ನಲ್-ಮೋಡೆಮ್ ಕೇಬಲ್ ಬೇಕು. ಆ ಅಂಕಿಯನ್ನು ಬಿಲ್ಲಿಗೆ ಸೇರಿಸಲು ಹತ್ತಿಪ್ಪತ್ತು ಸಾಲಿನ ಪೈಥಾನ್ ಸಾಕು, ಊರಲ್ಲಿ ಬಿಸಿಎ ಓದುವ ಹುಡುಗರು ಯಾರಾದರೂ ಇದ್ದೇ ಇರ್ತಾರೆ ಅಲ್ವಾ.

ಕನ್ನಡಕ್ಕೆ ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲೇ ಗುಬ್ಬಿ, ನವಿಲು ಫಾಂಟ್‌ಗಳು ಇವೆ. ಟೈಪ್ ಮಾಡಲು ಐಬಸ್ ಅನ್ನೋ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಪಟ್ಟಿಯಲ್ಲಿ ಕೆಜಿಪಿ ಕೀಲಿಮಣೆ ಆರಿಸಿ. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇದ್ದವರಿಗೆ ಕೈ ತಡವರಿಸಲ್ಲ. ಆಂಟಿಎಕ್ಸ್‌ನಲ್ಲಿ ಐಬಸ್ ತಾನಾಗಿ ಶುರುವಾಗದಿದ್ದರೆ ಸ್ಟಾರ್ಟ್‌ಅಪ್ ಫೈಲಿನಲ್ಲಿ ಅದನ್ನು ಶುರು ಮಾಡುವ ಒಂದು ಸಾಲು ಸೇರಿಸಿ.

ಒಂದು ಕಹಿ ಮಾತೂ ಇದೆ. ಇಷ್ಟು ಹಳೇ ಯಂತ್ರಕ್ಕೆ ಲಿನಕ್ಸ್ ಭಾರ ಅಲ್ಲ, ಬ್ರೌಸರ್ ಭಾರ. 32-ಬಿಟ್ ಲಿನಕ್ಸ್‌ಗೆ ಕ್ರೋಮ್ 2016ರಲ್ಲೇ ನಿಂತಿತು, ಫೈರ್‌ಫಾಕ್ಸ್‌ನ ಮಾಮೂಲಿ ಆವೃತ್ತಿ 144ಕ್ಕೆ ನಿಂತಿತು. ದೀರ್ಘಾವಧಿಯ ಇಎಸ್‌ಆರ್ 140 ಇದೆ, ಅದರದ್ದೂ ಆಯಸ್ಸು ಜಾಸ್ತಿ ಇಲ್ಲ. ಬ್ಯಾಂಕಿನ ವ್ಯವಹಾರ ಫೋನಿನಲ್ಲಿರಲಿ, ಟಫ್‌ಬುಕ್ ತೂಕ, ಬಿಲ್ ನೋಡಿಕೊಳ್ಳಲಿ. ಝೆಡ್‌ರ‍್ಯಾಮ್ ಹಾಕಿಕೊಂಡರೆ ರ‍್ಯಾಮಿನಲ್ಲೇ ಡೇಟಾ ಒತ್ತಿ ಇಡುತ್ತದೆ, 2 ಜಿಬಿ ಸ್ವಲ್ಪ ಹಿಗ್ಗಿದ ಹಾಗೆ.

ಪ್ರಶ್ನೆ: ನನ್ನದೂ ಸಿಎಫ್-19, ಆದರೆ ಕೋರ್ 2 ಡ್ಯುಯೋ. ಡೆಬಿಯನ್ ಚೆನ್ನಾಗಿ ಓಡುತ್ತಿದೆ, ಟಚ್ ಮಾತ್ರ ಸತ್ತಿದೆ. ಶಿವಮೊಗ್ಗದ ಅಂಗಡಿಯವರು ಪರದೆಯೇ ಬದಲಿಸಬೇಕು ಅಂದರು.

ಉತ್ತರ: ಈಗಲೇ ಬದಲಿಸಬೇಡಿ. ಈ ಯಂತ್ರದ ಟಚ್ ಯುಎಸ್‌ಬಿ ಅಲ್ಲ, ಒಳಗಿನ ಇನ್ನೊಂದು ಸೀರಿಯಲ್ ಪೋರ್ಟಿಗೆ ಕಟ್ಟಿರುತ್ತದೆ. ಹಾಗಾಗಿ ಲಿನಕ್ಸ್ ಅದನ್ನು ತಾನಾಗಿ ಗುರುತಿಸಲ್ಲ, ನಾವೇ ಪರಿಚಯ ಮಾಡಿಕೊಡಬೇಕು. 'ಇನ್‌ಪುಟ್‌ಅಟ್ಯಾಚ್' ಅನ್ನೋ ಪ್ಯಾಕೇಜ್ ಇದಕ್ಕೇ ಇರೋದು. ಅದರಲ್ಲಿ ಫುಜಿತ್ಸು ಬಗೆ ಆರಿಸಿ, ಪೋರ್ಟ್‌ಗಳನ್ನು ಒಂದೊಂದಾಗಿ ಕೊಟ್ಟು ನೋಡಿ. ಬಾಣ ಅಲ್ಲಾಡಿತು, ಆದರೆ ಬೆರಳು ಇಟ್ಟ ಕಡೆ ಬಿಟ್ಟು ಎದುರು ಮೂಲೆಗೆ ಓಡಿತು ಅಂದರೆ ಖುಷಿ ಪಡಿ, ಅದು ಬರೀ ಕ್ಯಾಲಿಬ್ರೇಷನ್ ಸಮಸ್ಯೆ. ಫೋನಿನ ಹಾಗೆ ಮೆಲ್ಲಗೆ ಸವರಿದರೆ ಕೇಳಲ್ಲ, ಇದು ಒತ್ತುವ ಜಾತಿಯ ಟಚ್, ಉಗುರಿನಿಂದ ಒತ್ತಿ. ನಿಮ್ಮದು ವಾಕಾಮ್ ಪೆನ್ನಿನ ಮಾಡೆಲ್ ಆಗಿದ್ದರೆ ಮಾತ್ರ ಬೆರಳಿಗೆ ಸೊಪ್ಪು ಹಾಕದಿರಬಹುದು, ಅದಕ್ಕೆ ಪೆನ್ನೇ ಬೇಕು.

ಪ್ರಶ್ನೆ: ಸಿಎಫ್-29 ಇದೆ, ಪೆಂಟಿಯಂ ಎಂ. 32-ಬಿಟ್ ಲಿನಕ್ಸನ್ನೇ ಹಾಕಲು ಹೋದರೂ 'ಪಿಎಇ ಇಲ್ಲ' ಅಂತ ನಿಲ್ಲುತ್ತದೆ. ಮೂಲೆಗೆ ಹಾಕಲಾ?

ಉತ್ತರ: ಈ ವಿಷಯದಲ್ಲಿ ಪ್ರೊಸೆಸರ್ ಸುಳ್ಳು ಹೇಳುತ್ತಿದೆ! ಶುರುವಿನ ಕೆಲವು ಪೆಂಟಿಯಂ ಎಂಗಳಲ್ಲಿ ಪಿಎಇ (4 ಜಿಬಿಗಿಂತ ಹೆಚ್ಚು ಮೆಮೊರಿ ಬಳಸಲು ಬಿಡುವ ಸೌಲಭ್ಯ) ಇದೆ, ಆದರೆ ಇದೆ ಅಂತ ಅದು ಹೇಳಿಕೊಳ್ಳಲ್ಲ. ಬೂಟ್ ಮೆನುವಿನಲ್ಲಿ ಟ್ಯಾಬ್ ಕೀ ಒತ್ತಿ, ಸಾಲಿನ ಕೊನೆಗೆ 'ಫೋರ್ಸ್‌ಪಿಎಇ' ಅಂತ, ಇಂಗ್ಲಿಷಿನಲ್ಲಿ, ಎಲ್ಲ ಸಣ್ಣ ಅಕ್ಷರದಲ್ಲಿ, ಜಾಗ ಬಿಡದೆ ಸೇರಿಸಿ. ಇನ್‌ಸ್ಟಾಲ್ ಆದ ಮೇಲೆ ಲಿನಕ್ಸನ್ನು ಬೂಟ್ ಮಾಡಿಸುವ ಗ್ರಬ್ ಸೆಟಿಂಗ್‌ನಲ್ಲೂ ಅದೇ ಪದ ಇದೆಯಾ ನೋಡಿಕೊಳ್ಳಿ. ಇದೆಲ್ಲ ತಲೆನೋವು ಅನ್ನಿಸಿದರೆ ಆಂಟಿಎಕ್ಸ್ 32-ಬಿಟ್‌ನಲ್ಲಿ ಪಿಎಇ ಕೇಳದ ಕರ್ನಲ್ (ಲಿನಕ್ಸ್‌ನ ತಿರುಳು) ಸಿಗುತ್ತದೆ. ಅಂದ ಹಾಗೆ ಇದರ ಡಿಸ್ಕು ಹಳೇ ಐಡಿಇ ಬಗೆಯದು, ಸಾಟಾ ಅಲ್ಲ. ಸಾಟಾ ಎಸ್‌ಎಸ್‌ಡಿ ಕೂರಲ್ಲ, 44 ಪಿನ್ನಿನ ಅಡಾಪ್ಟರಿನಲ್ಲಿ ಎಂಸಾಟಾ ಕಾರ್ಡ್ ಹಾಕಬೇಕು.

ಪ್ರಶ್ನೆ: ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ. ಬಿದ್ದರೂ ಒಡೆಯಲ್ಲ ಅಂತಾರೆ, ಕಾಲೇಜಿಗೆ ಸಿಎಫ್-19 ಟಫ್‌ಬುಕ್ಕೇ ಕೊಳ್ಳಲಾ?

ಉತ್ತರ: ಬೇಡ. 10.4 ಇಂಚಿನ ಪರದೆ, 1024 ಅಡ್ಡ, 768 ಉದ್ದ, ಇಷ್ಟರಲ್ಲಿ ದಿನವಿಡೀ ಕೋಡ್ ಬರೆದರೆ ಕಣ್ಣು ಕೆಂಪಾಗುತ್ತದೆ. ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್ ನೋಡಿ. ಇಲ್ಲ, ನನಗೆ ಇದರ ಮೇಲೇ ಮನಸ್ಸು ಅಂದರೆ ಕೋರ್ ಐ5 ಇರುವ ಸಿಎಫ್-31 ಹುಡುಕಿ. ಅಂಗಡಿಯಲ್ಲೇ ಆನ್ ಮಾಡಿಸಿ ಎಫ್2 ಒತ್ತಿ. ಬಯಾಸ್ ಪಾಸ್‌ವರ್ಡ್ ಕೇಳಿದರೆ, 'ಸೆಲ್ ತೆಗೆದು ಹಾಕಿದ್ರೆ ಹೋಗುತ್ತೆ ಬಿಡಿ' ಅಂತ ಅಂಗಡಿಯವರು ಹೇಳಬಹುದು. ಹಾಗೆಲ್ಲ ಹೋಗಲ್ಲ, ಸುಮ್ನೆ ನಕ್ಕು ಪಕ್ಕದ ಅಂಗಡಿಗೆ ಹೋಗಿ.