ಕುದಿಸಿದಷ್ಟೂ ಹೆಚ್ಚಿದ ಆರ್ಸೆನಿಕ್

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ರಾಯಚೂರು–ಯಾದಗಿರಿ ಸೀಮೆಯ ತಾಂಡಾವೊಂದರ 26ರ ಗರ್ಭಿಣಿ, 22ನೇ ವಾರ. ಅತ್ತೆಯ ಜೊತೆ ನೀರಿನ ಲ್ಯಾಬ್ ವರದಿ ಹಿಡಿದು ಬಂದಿದ್ದರು. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 62 ಮೈಕ್ರೋಗ್ರಾಂ ಆರ್ಸೆನಿಕ್ ಎಂಬ ವಿಷ. ಇರಬೇಕಾದದ್ದು 10ರ ಒಳಗೆ. ಚಿನ್ನದ ಅದಿರಿನ ಜೊತೆಗಿರುವ ಆರ್ಸೆನೊಪೈರೈಟ್ ಎಂಬ ಖನಿಜ ಇಲ್ಲಿನ ಬಂಡೆಯಲ್ಲಿದೆ, ಅದರೊಳಗಿನ ಆರ್ಸೆನಿಕ್ ಕರಗಿ ಅಂತರ್ಜಲಕ್ಕೆ ಇಳಿಯುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ತಿಳಿಯುವುದಿಲ್ಲ.

ಸೊಸೆ ಬಸುರಿ ಎಂದು ಗೊತ್ತಾದಾಗಿನಿಂದ ಅತ್ತೆ 6 ಲೀಟರ್ ನೀರನ್ನು 4 ಲೀಟರಿಗೆ ಇಳಿಸಿ ಕುದಿಸಿ ಕೊಡುತ್ತಿದ್ದರು. ಕುದಿಸಿದರೆ ರೋಗಾಣು ಸಾಯುತ್ತವೆ, ನೀರು ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ. 62 ಇದ್ದದ್ದು 93ರ ಹತ್ತಿರ ಹೋಗಿರುತ್ತದೆ. ಇದು ಕೇಳಿ ಇಬ್ಬರೂ ಅತ್ತರು. ಕಾಳಜಿಯಿಂದ ಮಾಡಿದ್ದು ತಪ್ಪಲ್ಲ, ನೀರು ಕೆಟ್ಟಿತ್ತು ಎಂಬುದನ್ನು ಅತ್ತೆಗೂ ಎದುರಿಗೇ ಹೇಳಬೇಕಾಯಿತು. ಇಲ್ಲದಿದ್ದರೆ ಮನೆಯಲ್ಲಿ ದೂರು ಯಾರ ಮೇಲಾದರೂ ಬೀಳುತ್ತದೆ.

ದೇಹದಲ್ಲಿ ಆಗುವುದಿಷ್ಟು: ಯಕೃತ್ತು ಆರ್ಸೆನಿಕ್‌ಗೆ ಎರಡು ಹಂತದಲ್ಲಿ ಮೀಥೈಲ್ (ಇಂಗಾಲ–ಜಲಜನಕದ ಪುಟ್ಟ ಗುಂಪು) ಸೇರಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಮೊದಲ ಹಂತದಲ್ಲೇ ನಿಂತದ್ದು ಹೆಚ್ಚು ಅಪಾಯ. ಗರ್ಭಿಣಿಯರಲ್ಲಿ ಈ ಕೆಲಸ ಸಾಮಾನ್ಯವಾಗಿ ಚುರುಕಾಗುತ್ತದೆ. ಆದರೆ ಅದಕ್ಕೆ ಫೋಲೇಟ್, ಬಿ12, ಪ್ರೋಟೀನ್ ಬೇಕು. ಹೊರಹೋಗದ ಆರ್ಸೆನಿಕ್ ಮಾಸು ದಾಟಿ ಮಗುವನ್ನು ಮುಟ್ಟುತ್ತದೆ. ಜೀವಕೋಶ ಸಕ್ಕರೆ ಬಳಸುವ ದಾರಿಗೂ ಅದು ಅಡ್ಡ ಬರುತ್ತದೆ. ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಯೊಂದಿಗೆ ನಂಟು ಕಂಡುಬಂದಿದೆ.

ಸಲಹೆ: ಕುಡಿಯಲು, ಅಡುಗೆಗೆ ನದಿ ನೀರಿನ ನಲ್ಲಿಯದೇ. ಚಹಾ, ಬೇಳೆ, ಅನ್ನ, ರೊಟ್ಟಿ ಹಿಟ್ಟಿಗೆ ಹಾಕುವ ಎಸರು, ಎಲ್ಲಕ್ಕೂ. ಎಸರನ್ನು ಹೆಚ್ಚಿನವರು ಮರೆಯುತ್ತಾರೆ. ಸ್ನಾನ, ಬಟ್ಟೆಗೆ ಬೋರ್‌ವೆಲ್ ನೀರು ಸಾಕು, ಚರ್ಮದಿಂದ ಒಳಸೇರುವುದು ಬಹಳ ಕಡಿಮೆ. ಆರ್‌ಒ ಯಂತ್ರವಿದ್ದರೆ ಅದರಿಂದ ಬರುವ ನೀರನ್ನೇ ಪರೀಕ್ಷಿಸಿ. ಆರ್ಸೆನಿಕ್‌ನ ಒಂದು ರೂಪ ಯಂತ್ರದ ಸೋಸುವ ಪೊರೆಯಲ್ಲಿ ಸುಲಭವಾಗಿ ನುಸುಳುತ್ತದೆ.

ಕಬ್ಬಿಣ–ಫೋಲಿಕ್ ಮಾತ್ರೆ (60 ಮಿ.ಗ್ರಾಂ, 500 ಮೈಕ್ರೋಗ್ರಾಂ) ದಿನಾ ಒಂದು; ಕ್ಯಾಲ್ಸಿಯಂ ಬೇರೆ ಹೊತ್ತಿಗೆ. ತೊಗರಿ, ಹೆಸರು, ಮೊಟ್ಟೆ, ಹಾಲು. 75 ಗ್ರಾಂ ಗ್ಲೂಕೋಸ್ ಪರೀಕ್ಷೆಯಲ್ಲಿ 2 ಗಂಟೆಗೆ 132 ಬಂತು. ಮಿತಿಯಾದ 140ರ ಕೆಳಗಿದ್ದರೂ 26ನೇ ವಾರದಲ್ಲಿ ಮತ್ತೆ ಮಾಡಿಸಲು ಬರೆದುಕೊಟ್ಟೆವು. ಮಗುವಿನ ಬೆಳವಣಿಗೆಯ ಸ್ಕ್ಯಾನ್‌ಗೂ ವೈದ್ಯರಿಗೆ ಚೀಟಿ ಹೋಯಿತು. ಬಹುಕಾಲ ಆರ್ಸೆನಿಕ್ ಸೇರಿದ್ದರೆ ಕಾಣುವ, ಅಂಗೈ, ಅಂಗಾಲಲ್ಲಿ ಗಂಟುಗಟ್ಟಿದ ಚರ್ಮ ಇರಲಿಲ್ಲ.

ನೀರು ಬದಲಿಸಿದರೆ ಕೆಲವೇ ದಿನಗಳಲ್ಲಿ ಮೂತ್ರದ ಆರ್ಸೆನಿಕ್ ಇಳಿಯುತ್ತದೆ. ಆಗಿಹೋದದ್ದರ ಬಗ್ಗೆ ಸುಳ್ಳು ಭರವಸೆ ಕೊಡಲಿಲ್ಲ. ಹೊರಡುವಾಗ, ಎದೆಹಾಲು ಕುಡಿಸಬಹುದೇ ಎಂದು ಕೇಳಿದರು. ಧಾರಾಳವಾಗಿ ಕುಡಿಸಿ, ತಾಯಿ ಹಾಲಿಗೆ ಆರ್ಸೆನಿಕ್ ಹೋಗುವುದು ತೀರಾ ಕಡಿಮೆ. ಅದೇ ಬೋರ್‌ವೆಲ್ ನೀರಲ್ಲಿ ಕಲಸಿದ ಡಬ್ಬಿ ಹಾಲಿಗಿಂತ ಎಷ್ಟೋ ಸುರಕ್ಷಿತ.